ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳುವುದು?

ಪುಣೆಯ ಒಂದು ಖಾಸಗಿ ಆಸ್ಪತ್ರೆಗೆ ಆ ವರ್ಷ ಬೆಂಗಳೂರಿನ ಒಂದೇ ನರ್ಸಿಂಗ್ ಕಾಲೇಜಿನಿಂದ ಆರು ಹುಡುಗಿಯರು ಆಯ್ಕೆಯಾದರು. ಅವರಲ್ಲಿ ಇಬ್ಬರ ಕಥೆ ಇದು. ಒಬ್ಬಳು ಬೆಳಗಾವಿ ಜಿಲ್ಲೆಯ ಅಥಣಿ ಕಡೆಯವಳು, ಇನ್ನೊಬ್ಬಳು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಕಡೆಯವಳು. ಹೆಸರು ಬೇಡ, ಹಾಸ್ಟೆಲಿನಲ್ಲೂ ಅವರನ್ನು ಊರಿನಿಂದಲೇ ಗುರುತಿಸುತ್ತಿದ್ದರು. ಇಬ್ಬರೂ ಒಂದೇ ರೈಲಿನಲ್ಲಿ ಹೋದವರು, ಒಂದೇ ದಿನ ಒಂದೇ ಬಗೆಯ ಕರಾರಿಗೆ ಸಹಿ ಹಾಕಿದವರು. ಸಂಬಳ ಒಂದೇ, ಕೋಣೆ ಒಂದೇ. ಅಥಣಿಯವಳು ಐದನೆಯ ತಿಂಗಳಲ್ಲಿ ಕೆಲಸ ಬಿಟ್ಟಳು. ಕೊಳ್ಳೇಗಾಲದವಳು ಈಗ ನಾಲ್ಕನೆಯ ವರ್ಷದಲ್ಲಿದ್ದಾಳೆ.

ಅವತ್ತು ರೈಲು ಹತ್ತಿಸಲು ಬಂದಿದ್ದವರನ್ನು ಕೇಳಿದ್ದರೆ ಎಲ್ಲರೂ ಇದಕ್ಕೆ ಉಲ್ಟಾ ಹೇಳುತ್ತಿದ್ದರು. ಅಥಣಿ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ್. ಅಜ್ಜಿಯ ಕಣ್ಣಿನ ಆಪರೇಷನ್, ಚಿಕ್ಕಪ್ಪನ ಕಾಲಿನ ರಾಡು, ಅತ್ತಿಗೆಯ ಬಾಣಂತನ ಎಲ್ಲಕ್ಕೂ ಮಿರಜ್‌ಗೆ ಓಡಾಡಿ ಬೆಳೆದ ಹುಡುಗಿಗೆ ಆಸ್ಪತ್ರೆಯ ವಾಸನೆಯೂ ಹೊಸದಲ್ಲ, ಮರಾಠಿಯೂ ಹೊಸದಲ್ಲ. ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲ ಐದರಲ್ಲಿ ಇದ್ದವಳು. ಕೊಳ್ಳೇಗಾಲದವಳದು ಸಾಧಾರಣ ಅಂಕ. ಮರಾಠಿಯ ಒಂದಕ್ಷರ ಗೊತ್ತಿಲ್ಲ, ಹಿಂದಿ ಅಂದರೆ ಸಿನಿಮಾ ಹಾಡಿನಷ್ಟು. ತಂದೆ ಸಾಲ ಮಾಡಿ ಓದಿಸಿದ್ದರು; ತಿಂಗಳೊಪ್ಪತ್ತಿನಲ್ಲಿ ಅಳುತ್ತಾ ವಾಪಸ್ ಬರುತ್ತಾಳೆ ಎಂಬ ಭಯ ಮನೆಯವರಿಗೇ ಇತ್ತು.

ಹೊಸ ನರ್ಸ್‌ಗಳು ಮೊದಲ ಕೆಲಸದಲ್ಲಿ ಯಾಕೆ ನಿಲ್ಲುತ್ತಾರೆ, ಯಾಕೆ ಬಿಡುತ್ತಾರೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರಗಳಿಗೆ ಈ ಇಬ್ಬರೂ ಒಗ್ಗುವುದಿಲ್ಲ. ಅದಕ್ಕೇ ಇವರ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

* * *

ಮೊದಲು ಬರುವ ಉತ್ತರ ಸಂಬಳ. ಅದು ಸುಳ್ಳಲ್ಲ. ಇಬ್ಬರಿಗೂ ತಿಂಗಳಿಗೆ 18,000 ರೂಪಾಯಿ ಎಂದು ಹೇಳಿದ್ದರು. ಹಾಸ್ಟೆಲ್, ಮೆಸ್ ಮುರಿದುಕೊಂಡು ಕೈಗೆ ಬರುತ್ತಿದ್ದುದು ಹದಿಮೂರರ ಆಸುಪಾಸು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರ ಜನವರಿಯಲ್ಲಿ ಕೋರ್ಟು ಇದನ್ನು ಪರಿಶೀಲಿಸಲು ಸಮಿತಿ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತ್ತು. ಆ ಸಮಿತಿಯ ಶಿಫಾರಸು ಸ್ಪಷ್ಟವಾಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆ ತನ್ನ ನರ್ಸ್‌ಗಳಿಗೆ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು; 100ಕ್ಕಿಂತ ಹೆಚ್ಚಿದ್ದರೆ ಶೇ. 10ಕ್ಕಿಂತ ಕಡಿಮೆಯಾಗಬಾರದು, 50ರಿಂದ 100 ಇದ್ದರೆ ಶೇ. 25ಕ್ಕಿಂತ ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಹಾಸಿಗೆಗಳ ನರ್ಸಿಂಗ್ ಹೋಮ್ ಕೂಡ 20,000ಕ್ಕೆ ಇಳಿಸುವಂತಿಲ್ಲ. ಆರೋಗ್ಯ ರಾಜ್ಯಗಳ ಕೈಯಲ್ಲಿರುವ ವಿಷಯವಾದ್ದರಿಂದ ಜಾರಿಯ ಹೊಣೆ ರಾಜ್ಯಗಳಿಗೆ ಹೋಯಿತು. ಈ ಹುಡುಗಿಯರು ಸೇರಿದ ಆಸ್ಪತ್ರೆಯಲ್ಲಿ 250 ಹಾಸಿಗೆಗಳಿದ್ದವು. ಆ ಲೆಕ್ಕಕ್ಕೂ ಅವರ ಕೈಗೆ ಬಂದ ಲೆಕ್ಕಕ್ಕೂ ಎಷ್ಟು ದೂರ ಎಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಉತ್ತರ ಬಾಂಡ್. ಒಂದು ವರ್ಷ ಬಿಡುವಂತಿಲ್ಲ, ಬಿಟ್ಟರೆ 50,000 ಕಟ್ಟಬೇಕು. ಅಲ್ಲಿಯವರೆಗೆ ಅಂಕಪಟ್ಟಿ, ಪದವಿ ಪತ್ರ, ನರ್ಸಿಂಗ್ ಕೌನ್ಸಿಲಿನ ನೋಂದಣಿ ಪತ್ರ ಎಲ್ಲದರ ಅಸಲು ಪ್ರತಿಗಳು ಎಚ್‌ಆರ್ ಕಚೇರಿಯ ಕಬ್ಬಿಣದ ಬೀರುವಿನಲ್ಲಿ. ಇದು ಹೊಸ ಪದ್ಧತಿಯಲ್ಲ. 2011ರ ಕೊನೆಯಲ್ಲಿ ಮುಂಬಯಿ, ದೆಹಲಿಯ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು, ಅವರಲ್ಲಿ ಹೆಚ್ಚಿನವರು ಕೇರಳದವರು, ಬೀದಿಗಿಳಿದಾಗ ಸಂಬಳದಷ್ಟೇ ಜೋರಾಗಿ ಕೇಳಿದ್ದು ‘ನಮ್ಮ ಸರ್ಟಿಫಿಕೇಟ್ ನಮಗೆ ಕೊಡಿ’ ಎಂದು.

ಸಂಬಳ ಕಡಿಮೆ, ಬಾಂಡ್ ಬಿಗಿ. ಆದರೆ ಈ ಎರಡೂ ಇಬ್ಬರಿಗೂ ಒಂದೇ ಆಗಿತ್ತು. ಒಬ್ಬಳು ಬಿಟ್ಟಳು, ಒಬ್ಬಳು ಉಳಿದಳು. ವ್ಯತ್ಯಾಸ ಬೇರೆ ಎಲ್ಲೋ ಇದೆ.

* * *

ಸೇರಿದ ಮೊದಲ ಎರಡು ದಿನ ತರಬೇತಿ. ಬೆಂಕಿ ನಂದಿಸುವ ಸಿಲಿಂಡರ್ ಹೇಗೆ ಹಿಡಿಯಬೇಕು, ಯಾವ ಕಸ ಹಳದಿ ಚೀಲಕ್ಕೆ, ಯಾವುದು ಕೆಂಪು ಚೀಲಕ್ಕೆ, ಕಂಪ್ಯೂಟರಿನಲ್ಲಿ ಲಾಗಿನ್ ಹೇಗೆ. ಮೂರನೆಯ ದಿನ ವಾರ್ಡು.

ಅಥಣಿಯವಳಿಗೆ ಸಿಕ್ಕಿದ್ದು ಜನರಲ್ ಮೆಡಿಸಿನ್ ವಾರ್ಡ್. ಇನ್‌ಚಾರ್ಜ್ ಸಿಸ್ಟರ್ ಕೇಳಿದ ಮೊದಲ ಪ್ರಶ್ನೆ “ಮರಾಠಿ ಯೇತೇ ಕಾ?” ಅವಳು ಬರುತ್ತದೆ ಎಂದಳು. ಆ ಒಂದು ಉತ್ತರ ಅವಳ ಮುಂದಿನ ಐದು ತಿಂಗಳನ್ನು ನಿರ್ಧರಿಸಿಬಿಟ್ಟಿತು. ರೋಗಿಯ ಜೊತೆ ಮಾತಾಡಬಲ್ಲಳು, ಅವರ ಮನೆಯವರನ್ನು ಸಮಾಧಾನ ಮಾಡಬಲ್ಲಳು, ಫೋನಿನಲ್ಲಿ ಲ್ಯಾಬಿನವರ ಜೊತೆ ಜಗಳವಾಡಬಲ್ಲಳು. ಅಂದ ಮೇಲೆ ಇವಳಿಗೆ ಕೆಲಸ ಬರುತ್ತದೆ ಎಂದೇ ವಾರ್ಡು ತೀರ್ಮಾನಿಸಿತು. ಎರಡನೆಯ ವಾರಕ್ಕೆ ನೈಟ್ ಡ್ಯೂಟಿ, ಹದಿನಾಲ್ಕು ರೋಗಿಗಳು. ಜೊತೆಗೆ ಒಬ್ಬಳು ಸೀನಿಯರ್. ಸೀನಿಯರ್ ಅಂದರೆ ಇವಳಿಗಿಂತ ನಾಲ್ಕು ತಿಂಗಳು ಮೊದಲು ಸೇರಿದವಳು. ಕ್ಯಾಶುವಾಲ್ಟಿಯಲ್ಲಿ ಜನ ಹೆಚ್ಚಾದರೆ ಆಕೆಯನ್ನೂ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದರು.

ಒಬ್ಬ ನರ್ಸ್ ಕೈಯಲ್ಲಿ ಎಷ್ಟು ರೋಗಿಗಳಿರಬೇಕು ಎಂಬುದು ಬರೀ ದಣಿವಿನ ಪ್ರಶ್ನೆಯಲ್ಲ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಹೆಸರಿಸುವಂಥದ್ದು. ನರ್ಸ್ ಒಬ್ಬರಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದ ರೋಗಿ ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆ, ನರ್ಸ್ ಬಸವಳಿದುಹೋಗುವ ಸಂಭವ ಶೇ. 23ರಷ್ಟು ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಇದಕ್ಕೊಂದು ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಅಲ್ಲಿ ಈಗ ಸಾಮಾನ್ಯ ವಾರ್ಡಿನ ಒಬ್ಬ ನರ್ಸ್‌ಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ಅಥಣಿಯವಳ ಹದಿನಾಲ್ಕನ್ನು ಆ ಐದರ ಪಕ್ಕದಲ್ಲಿ ಇಟ್ಟು ನೋಡಬಹುದು.

ಆದರೂ ಅವಳು ಕೆಲಸ ಬಿಟ್ಟದ್ದು ಹದಿನಾಲ್ಕರ ಕಾರಣಕ್ಕಲ್ಲ. ಅವಳೇ ಹೇಳುವ ಪ್ರಕಾರ, ಬಿಟ್ಟದ್ದು ಒಂದು ಸಿರಿಂಜಿನ ಕಾರಣಕ್ಕೆ.

* * *

ಇನ್ಸುಲಿನ್ ವಿಷಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ನಲವತ್ತರದಕ್ಕೆ ಕೆಂಪು ಮುಚ್ಚಳದ ಸಿರಿಂಜು, ನೂರರದಕ್ಕೆ ಕಿತ್ತಳೆ ಮುಚ್ಚಳದ್ದು. ಬಾಟಲಿಗೂ ಸಿರಿಂಜಿಗೂ ಜೋಡಿ ತಪ್ಪಿದರೆ ಗೆರೆ ನೋಡಿ ಎಳೆದ ಹತ್ತು ಯೂನಿಟ್ ನಿಜವಾಗಿ ಹತ್ತು ಆಗಿರುವುದಿಲ್ಲ, ನಾಲ್ಕಾಗಬಹುದು, ಇಪ್ಪತ್ತೈದಾಗಬಹುದು. ನಾಲ್ಕಾದರೆ ಸಕ್ಕರೆ ಇಳಿಯುವುದಿಲ್ಲ. ಇಪ್ಪತ್ತೈದಾದರೆ ಮಲಗಿದ ರೋಗಿ ಏಳದೇ ಇರಬಹುದು.

ಎರಡನೆಯ ತಿಂಗಳ ಒಂದು ರಾತ್ರಿ, ಎರಡು ಗಂಟೆ. ಬೆಳಿಗ್ಗೆ ಆಪರೇಷನ್ ಇದ್ದ ಕಾರಣ ಬಾಯಿಗೆ ಏನೂ ಕೊಡದೆ ಮಲಗಿಸಿದ್ದ ವಯಸ್ಸಾದ ರೋಗಿಯ ಸಕ್ಕರೆ ಏರಿತ್ತು. ಚಾರ್ಟಿನಲ್ಲಿ ಬರೆದ ಲೆಕ್ಕದ ಪ್ರಕಾರ ಹತ್ತು ಯೂನಿಟ್ ಕೊಡಬೇಕು. ಬಾಟಲಿ ನಲವತ್ತರದು. ಕೆಂಪು ಮುಚ್ಚಳದ ಸಿರಿಂಜು ಮುಗಿದಿತ್ತು, ಡ್ರಾಯರಿನಲ್ಲಿದ್ದದ್ದೆಲ್ಲ ಕಿತ್ತಳೆ. ಸೀನಿಯರ್ ಕ್ಯಾಶುವಾಲ್ಟಿಯಲ್ಲಿದ್ದಳು. ರಾತ್ರಿಯ ಸೂಪರ್‌ವೈಸರ್‌ಗೆ ಫೋನ್ ಮಾಡಬಹುದಿತ್ತು. ಆದರೆ ಹಿಂದಿನ ವಾರ ಬೇರೆ ಏನೋ ಕೇಳಲು ಫೋನ್ ಮಾಡಿದ್ದಾಗ ಅತ್ತ ಕಡೆಯಿಂದ ಬಂದ ಮಾತು ಅವಳಿಗೆ ನೆನಪಿತ್ತು: “ಬಿಎಸ್‌ಸಿ ಮಾಡಿ ಬಂದಿದ್ದೀಯ, ಇಷ್ಟೂ ಗೊತ್ತಿಲ್ಲವಾ?”

ಅವಳು ಫೋನ್ ಮಾಡಲಿಲ್ಲ. ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಬರೆದಳು. ನಲವತ್ತರಲ್ಲಿ ಹತ್ತು ಅಂದರೆ ಕಾಲು ಮಿಲಿಲೀಟರ್. ನೂರರ ಸಿರಿಂಜಿನಲ್ಲಿ ಕಾಲು ಮಿಲಿಲೀಟರ್ ಅಂದರೆ ಇಪ್ಪತ್ತೈದರ ಗೆರೆ. ಹತ್ತು ಕೊಡಬೇಕಾದಲ್ಲಿ ಇಪ್ಪತ್ತೈದರ ಗೆರೆಯವರೆಗೆ ಎಳೆಯಬೇಕು. ಲೆಕ್ಕ ಮತ್ತೆ ಮಾಡಿದಳು, ಮತ್ತೂ ಅದೇ ಬಂತು. ಕೊಟ್ಟಳು.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸರಿ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಎರಡರಿಂದ ಐದರವರೆಗೆ ಅರ್ಧ ಗಂಟೆಗೊಮ್ಮೆ ಆ ರೋಗಿಯ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಆತ ನಿದ್ದೆಗಣ್ಣಿನಲ್ಲಿ “ಕಿತಿ ವೇಳಾ ಟೋಚತಾ, ಸಿಸ್ಟರ್?” ಎಂದು ಗೊಣಗಿದ. ಸಕ್ಕರೆ ಎಷ್ಟು ಇಳಿಯಬೇಕೋ ಅಷ್ಟೇ ಇಳಿಯಿತು. ಬೆಳಿಗ್ಗೆ ಎಂಟಕ್ಕೆ ಹ್ಯಾಂಡೋವರ್ ಹೊತ್ತಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಆ ರಾತ್ರಿಯ ಬಗ್ಗೆ ಅವಳನ್ನು ಕೇಳಿದ ಒಂದೇ ಒಂದು ಪ್ರಶ್ನೆ: ಗ್ಲುಕೋಮೀಟರಿನ ಸ್ಟ್ರಿಪ್ ಆರು ಕಡಿಮೆ ಇವೆಯಲ್ಲ, ಎಲ್ಲಿ ಹೋದವು?

ಮುಂದೆ ಮೂರು ತಿಂಗಳು ಅವಳು ಕೆಲಸ ಮಾಡಿದಳು. ಒಂದು ತಪ್ಪೂ ಆಗಲಿಲ್ಲ. ಆದರೆ ಸಂಜೆ ಆರಾದರೆ ಹೊಟ್ಟೆ ತೊಳಸುತ್ತಿತ್ತು. ಹಾಸ್ಟೆಲಿನಿಂದ ಆಸ್ಪತ್ರೆಗೆ ಏಳು ನಿಮಿಷದ ದಾರಿ. ಆ ದಾರಿಯಲ್ಲಿ ಒಂದು ಕಡೆ ನಿಂತು ವಾಂತಿ ಮಾಡಿ ಮುಂದೆ ಹೋಗುತ್ತಿದ್ದಳು. ಐದನೆಯ ತಿಂಗಳ ಒಂದು ದಿನ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳ ತಂದೆ, ಕಬ್ಬು ಬೆಳೆಯುವವರು, ಮೊದಲು ಕೇಳಿದ್ದು “ಏನರ ತಪ್ಪ ಮಾಡಿಯೇನವಾ?” ಎಂದು. ಅವಳಂದಳು: “ಇಲ್ಲಪ್ಪಾ, ಏನೂ ಆಗಿಲ್ಲ. ಆಗೂ ಮೊದಲ ಬಂದೇನಿ.”

* * *

ಕೊಳ್ಳೇಗಾಲದವಳು ಹೋದದ್ದು ಸರ್ಜರಿ ವಾರ್ಡಿಗೆ. ಕೆಲಸ ನೋಡಿದರೆ ಅದೇ ಕಷ್ಟದ್ದು. ಅಲ್ಲಿಯ ಇನ್‌ಚಾರ್ಜ್ ಸಿಸ್ಟರ್ ಕೋಟ್ಟಯಂ ಕಡೆಯವರು, ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಅವರೂ “ಮರಾಠಿ ಬರುತ್ತಾ?” ಎಂದೇ ಕೇಳಿದರು. ಇವಳು ಇಲ್ಲ ಎಂದಳು. “ನನಗೂ ಬರುತ್ತಿರಲಿಲ್ಲ” ಎಂದು ಅವರು ಒಂದು ಚಿಕ್ಕ ಡೈರಿ ಕೊಟ್ಟರು. ಗೊತ್ತಾಗದ್ದನ್ನೆಲ್ಲ ಅದರಲ್ಲಿ ಬರೆಯಬೇಕು, ಡ್ಯೂಟಿ ಮುಗಿಯುವ ಮೊದಲು ಅದರಲ್ಲಿ ಮೂರನ್ನಾದರೂ ಯಾರನ್ನಾದರೂ ಕೇಳಿರಬೇಕು. ಡಾಕ್ಟರು, ಸೀನಿಯರ್, ವಾರ್ಡ್ ಬಾಯ್, ಮಾವಶಿ ಯಾರಾದರೂ ಸರಿ. ಪುಣೆ, ಮುಂಬಯಿಯ ಆಸ್ಪತ್ರೆ ಕಂಡವರಿಗೆ ಮಾವಶಿ ಎಂದರೆ ಯಾರು ಎಂದು ಗೊತ್ತು: ಬೆಡ್‌ಪ್ಯಾನ್ ಇಡುವ, ಮೈ ಒರೆಸುವ, ಹಾಸಿಗೆ ಬದಲಿಸುವ ಆಯಾ. ಮೊದಲ ತಿಂಗಳು ರಾತ್ರಿ ಒಬ್ಬಳನ್ನೇ ಬಿಡಲಿಲ್ಲ.

ಮರಾಠಿ ಬಾರದಿರುವುದು ಅವಳಿಗೆ ವರವಾಯಿತು. ಬಾರದವಳು ಕೇಳುತ್ತಾಳೆ ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡಿದ್ದರು. ಮಾತು ಕೇಳುವ ನೆಪದಲ್ಲಿ ಔಷಧಿಯ ಬಗ್ಗೆಯೂ ಕೇಳುತ್ತಿದ್ದಳು, ಡ್ರೈನ್ ಟ್ಯೂಬಿನ ಬಗ್ಗೆಯೂ ಕೇಳುತ್ತಿದ್ದಳು. ಯಾರೂ ಹುಬ್ಬೇರಿಸಲಿಲ್ಲ.

ಅವಳು ಮೊದಲು ಬಾಯಿಪಾಠ ಮಾಡಿದ ಮರಾಠಿ ವಾಕ್ಯ “ಘಾಬರೂ ನಕಾ”, ಅಂದರೆ ಹೆದರಬೇಡಿ. ಆರನೆಯ ವಾರದಲ್ಲಿ, ಹೊಟ್ಟೆಯ ಆಪರೇಷನ್ ಆಗಿ ಬಂದಿದ್ದ ಹೆಂಗಸೊಬ್ಬಳು ಸಂಜೆ ಹೊತ್ತಿಗೆ “ಜೀವ ಘಾಬರತೋಯ್” ಎಂದಳು. ಕೊಳ್ಳೇಗಾಲದ ಕನ್ನಡದಲ್ಲಿ ಗಾಬರಿ ಎಂದರೆ ದಿಗಿಲು. ಇವಳು ಕೈ ಹಿಡಿದು “ಘಾಬರೂ ನಕಾ” ಎಂದಳು. ಹೆಂಗಸು ಮತ್ತೆ ಅದನ್ನೇ ಹೇಳಿದಳು. ಇವಳು ಡೈರಿಯಲ್ಲಿ ಬರೆದುಕೊಳ್ಳಲು ಹೋಗಿ, ಪಕ್ಕದಲ್ಲಿದ್ದ ಮಾವಶಿಯನ್ನು ಈ ಮಾತಿಗೆ ಏನರ್ಥ ಎಂದು ಕೇಳಿದಳು. ಮಾವಶಿ ಬಾಯಲ್ಲಿ ಹೇಳಲಿಲ್ಲ; ತನ್ನ ಎದೆಯ ಮೇಲೆ ಕೈಯಿಟ್ಟು, ಉಸಿರು ಸಿಗದವಳಂತೆ ಮುಖ ಮಾಡಿದಳು. ಅದು ಮನಸ್ಸಿನ ಹೆದರಿಕೆಯಲ್ಲ, ಮೈಯ ಸಂಕಟ. ನಾಡಿ ನೋಡಿದರೆ ಓಡುತ್ತಿತ್ತು, ಬಿಪಿ ಇಳಿಯುತ್ತಿತ್ತು. ಡಾಕ್ಟರು ಬಂದರು. ಒಳಗೆ ರಕ್ತ ಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ಆ ಹೆಂಗಸನ್ನು ಮತ್ತೆ ಥಿಯೇಟರಿಗೆ ಒಯ್ದರು. ಅವಳು ಬದುಕಿದಳು.

ಇನ್‌ಚಾರ್ಜ್ ಸಿಸ್ಟರ್ ಕಲಿಸಿದ ಇನ್ನೊಂದು ಪಾಠ ಪ್ರಶ್ನೆ ಹೇಗೆ ಕೇಳಬೇಕು ಎಂಬುದು. ಹೊಸಬರು ಸಾಮಾನ್ಯವಾಗಿ “ದಸ್ ಯೂನಿಟ್ ನಾ?” ಎಂದು ಕೇಳುತ್ತಾರೆ. ಕನ್ನಡದಲ್ಲಾದರೆ “ಹತ್ತು ಅಲ್ವಾ?” ತನಗೆ ಗೊತ್ತಿದೆ, ಸುಮ್ಮನೆ ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ ಎಂಬ ಸೋಗು ಆ ‘ನಾ’ದಲ್ಲಿ, ಆ ‘ಅಲ್ವಾ’ದಲ್ಲಿ ಇದೆ. ಕೇಳಿಸಿಕೊಂಡವರು ದಣಿದಿದ್ದರೆ “ಹ್ಞೂಂ” ಎಂದುಬಿಡುತ್ತಾರೆ. ಹಾಗೆ ಕೇಳಬೇಡ, “ಕಿತ್ನಾ?” ಎಂದು ಕೇಳು ಎಂದರು ಸಿಸ್ಟರ್. ಎಷ್ಟು ಎಂದು ಕೇಳಿದರೆ ಉತ್ತರ ಕೊಡುವವರು ಚಾರ್ಟು ನೋಡಲೇಬೇಕು. ಹತ್ತು ಯೂನಿಟ್ ಎಂಬುದನ್ನು ಇಂಗ್ಲಿಷಿನಲ್ಲಿ ಚುಟುಕಾಗಿ ಬರೆದಾಗ ಕೊನೆಯ ‘ಯು’ ಅಕ್ಷರ ಸೊನ್ನೆಯಂತೆ ಕಂಡು ಹತ್ತು ನೂರಾಗಿರುವ ಪ್ರಸಂಗಗಳು ಜಗತ್ತಿನ ಎಲ್ಲ ಕಡೆ ಇವೆ. ಅಂಥ ಕಡೆ ‘ಅಲ್ವಾ’ ಎನ್ನುವ ಪ್ರಶ್ನೆ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ‘ಎಷ್ಟು’ ಎನ್ನುವ ಪ್ರಶ್ನೆ ಮಾತ್ರ ಅದನ್ನು ಹಿಡಿಯಬಲ್ಲದು.

* * *

ಇದೆಲ್ಲ ಒಂದು ವಾರ್ಡಿನ ಒಬ್ಬ ಒಳ್ಳೆಯ ಸಿಸ್ಟರ್ ಕಥೆ ಎಂದು ಬಿಡಬಹುದಿತ್ತು. ಆದರೆ ಈ ವಿಷಯವನ್ನು ಅರ್ಧ ಶತಮಾನದಿಂದ ಅಧ್ಯಯನ ಮಾಡಿದವರೂ ಸುತ್ತಿ ಬಳಸಿ ಇಲ್ಲಿಗೇ ಬಂದಿದ್ದಾರೆ.

ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲಿ ‘ರಿಯಾಲಿಟಿ ಶಾಕ್’ ಎಂಬ ಪುಸ್ತಕ ಬರೆದರು. ನರ್ಸ್‌ಗಳು ನರ್ಸಿಂಗ್ ಯಾಕೆ ಬಿಡುತ್ತಾರೆ ಎಂಬುದೇ ಅದರ ಉಪಶೀರ್ಷಿಕೆ. ಕಾಲೇಜು ಒಂದು ನೀತಿ ಕಲಿಸುತ್ತದೆ: ಒಬ್ಬೊಬ್ಬ ರೋಗಿಗೂ ಬೇಕಾದಷ್ಟು ಸಮಯ ಕೊಡು, ಎಲ್ಲವನ್ನೂ ಕ್ರಮಬದ್ಧವಾಗಿ ಮಾಡು. ವಾರ್ಡು ಬೇರೆ ನೀತಿ ಕೇಳುತ್ತದೆ: ಬೇಗ ಮುಗಿಸು, ಚಾರ್ಟು ತುಂಬು. ಮೊದಲ ಕೆಲವು ವಾರ ಹೊಸ ಕೆಲಸದ ಹುರುಪು. ಆಮೇಲೆ ಈ ಎರಡು ನೀತಿಗಳು ಡಿಕ್ಕಿ ಹೊಡೆಯುತ್ತವೆ. ಆ ಪೆಟ್ಟನ್ನು ತಾಳಿಕೊಳ್ಳಲು ಹತ್ತಿರದಲ್ಲಿ ಒಬ್ಬರಿದ್ದರೆ ಹುಡುಗಿ ಉಳಿಯುತ್ತಾಳೆ, ಇಲ್ಲದಿದ್ದರೆ ಹೋಗುತ್ತಾಳೆ. ಅಥವಾ ಉಳಿದೂ ಕಲ್ಲಾಗುತ್ತಾಳೆ.

ಹಾರ್ವರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಎಂಟು ಘಟಕಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಹೊಂದಾಣಿಕೆಯಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ದಾಖಲೆಯಲ್ಲಿ ಕಂಡದ್ದು ಇದಕ್ಕೆ ಉಲ್ಟಾ: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳಿದ್ದವು. ಕೆದಕಿ ನೋಡಿದಾಗ ತಿಳಿದದ್ದು, ಅಲ್ಲಿ ತಪ್ಪು ಹೆಚ್ಚು ಆಗುತ್ತಿರಲಿಲ್ಲ, ಹೆಚ್ಚು ಹೊರಗೆ ಬರುತ್ತಿತ್ತು. ಹೇಳಿದರೆ ಬೈಗುಳವಿಲ್ಲ ಎಂದು ಗೊತ್ತಿದ್ದ ನರ್ಸ್‌ಗಳು ಹೇಳುತ್ತಿದ್ದರು. ಬೇರೆ ಕಡೆ ಅಂಗೈ ಮೇಲೆ ಬರೆದು ಅಳಿಸುತ್ತಿದ್ದಿರಬೇಕು.

ಇಲ್ಲಿ ಭಾಷೆಯ ಒಂದು ಸಣ್ಣ ಸಂಗತಿಯನ್ನೂ ಗಮನಿಸಬಹುದು. ಕನ್ನಡದಲ್ಲಿ ‘ನನಗೆ ಗೊತ್ತಿಲ್ಲ’ ಎನ್ನುತ್ತೇವೆ. ‘ನಾನು’ ಅಲ್ಲ, ‘ನನಗೆ’. ಮರಾಠಿಯ ‘ಮಲಾ ಮಾಹೀತ್ ನಾಹೀ’, ಮಲಯಾಳದ ‘ಎನಿಕ್ಕ್ ಅರಿಯಿಲ್ಲ’, ಹಿಂದಿಯ ‘ಮುಝೇ ನಹೀ ಪತಾ’ ಎಲ್ಲವೂ ಹಾಗೆಯೇ, ಚತುರ್ಥಿಯಲ್ಲಿ. ನನಗೆ ಹಸಿವು, ನನಗೆ ಜ್ವರ, ನನಗೆ ಗೊತ್ತಿಲ್ಲ. ಆ ವಾರ್ಡಿನಲ್ಲಿ ಓಡಾಡುವ ನಾಲ್ಕೂ ಭಾಷೆಗಳ ವ್ಯಾಕರಣದಲ್ಲಿ ಗೊತ್ತಿಲ್ಲದಿರುವುದು ಜ್ವರದ ಹಾಗೆ ಬಂದು ಹೋಗುವ ಒಂದು ಸ್ಥಿತಿ, ಯಾರೂ ಮಾಡಿದ ಅಪರಾಧವಲ್ಲ. “ಇಷ್ಟೂ ಗೊತ್ತಿಲ್ಲವಾ?” ಎಂಬ ಒಂದು ಮಾತು ಅದನ್ನು ಅಪರಾಧ ಮಾಡುತ್ತದೆ.

ಕೇಳಲು ಭಾಷೆ ಬೇಕು, ನಿಜ. 2021ರ ಜೂನ್‌ನಲ್ಲಿ ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಒಂದು ಸುತ್ತೋಲೆ ಹೊರಟಿತು: ಕೆಲಸದ ಜಾಗದಲ್ಲಿ ನರ್ಸ್‌ಗಳು ಮಲಯಾಳ ಮಾತಾಡಬಾರದು, ಹಿಂದಿ ಮತ್ತು ಇಂಗ್ಲಿಷ್ ಮಾತ್ರ ಬಳಸಬೇಕು, ತಪ್ಪಿದರೆ ಕಠಿಣ ಕ್ರಮ. ದೇಶದ ತುಂಬ ಗಲಾಟೆಯಾಗಿ ಮಾರನೆಯ ದಿನವೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ತನ್ನ ಹಾಸಿಗೆಯ ಪಕ್ಕ ನಿಂತವರು ತನಗೆ ತಿಳಿಯದ ಭಾಷೆಯಲ್ಲಿ ಮಾತಾಡಿಕೊಂಡರೆ ರೋಗಿಗೆ ದಿಗಿಲಾಗುವುದು ಸಹಜ. ಆ ದೂರಿನಲ್ಲಿ ಸತ್ಯವಿದೆ. ಆದರೆ ರಾತ್ರಿ ಎರಡಕ್ಕೆ, ಕೈಯಲ್ಲಿ ಸಿರಿಂಜು ಹಿಡಿದ ಇಪ್ಪತ್ತೆರಡರ ಹುಡುಗಿ ಅನುಮಾನ ಬಂದಾಗ ಮೊದಲು ತಡವರಿಸುವುದು ತನ್ನ ತಾಯ್ನುಡಿಯಲ್ಲೇ. ಅದನ್ನು ನಿಷೇಧಿಸಿದರೆ ಅವಳು ಹಿಂದಿಯಲ್ಲಿ ಕೇಳುವುದಿಲ್ಲ. ಕೇಳುವುದನ್ನೇ ಬಿಡುತ್ತಾಳೆ.

* * *

ಇನ್ನು ಉತ್ತರ ಕೊಡಬೇಕಾದವರ ವಿಷಯ.

ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನರ್ಸ್ ಬೆಳೆಯುವ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಚೆಸ್ ಆಟಗಾರರು, ವಿಮಾನ ಚಾಲಕರು ಹೇಗೆ ಪಳಗುತ್ತಾರೆ ಎಂದು ಡ್ರೈಫಸ್ ಸಹೋದರರು ಮಾಡಿದ್ದ ಅಧ್ಯಯನವನ್ನು ಅವರು ವಾರ್ಡಿಗೆ ತಂದರು. ಅವರ ಲೆಕ್ಕದಲ್ಲಿ ಮೂರನೆಯ ಮೆಟ್ಟಿಲು, ಅಂದರೆ ತನ್ನ ಕೆಲಸವನ್ನು ತಾನೇ ಹೊಂದಿಸಿಕೊಂಡು ನಿಭಾಯಿಸಬಲ್ಲ ಮಟ್ಟ, ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಇದ್ದ ಮೇಲೆ ಬರುವಂಥದ್ದು.

ನಮ್ಮ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಆ ಎರಡು ವರ್ಷ ಇನ್ನೊಂದು ಲೆಕ್ಕಕ್ಕೂ ಬರುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಗಳು ಸಾಮಾನ್ಯವಾಗಿ ಕೇಳುವುದು ಎರಡು ವರ್ಷದ ಅನುಭವ. ಬ್ರಿಟನ್ ಕಡೆ ಹೊರಟವರು ಅಷ್ಟು ಹೊತ್ತಿಗೆ ಐಇಎಲ್‌ಟಿಎಸ್ ಅಥವಾ ಓಇಟಿ ತಯಾರಿಯಲ್ಲಿರುತ್ತಾರೆ. ಅಂದರೆ, ಹೊಸಬಳ ಪ್ರಶ್ನೆಗೆ ಉತ್ತರ ಕೊಡುವಷ್ಟು ಪಳಗಿದ ಹೊತ್ತಿಗೆ ಸರಿಯಾಗಿ ನರ್ಸ್ ಹೊರಡುತ್ತಾಳೆ. ಅವಳನ್ನು ದೂರುವಂತಿಲ್ಲ, ಮನೆಯ ಸಾಲ, ತಂಗಿಯ ಓದು, ಎಲ್ಲಕ್ಕೂ ಆ ಸಂಬಳವೇ ದಾರಿ. ವಾರ್ಡಿನಲ್ಲಿ ಉಳಿಯುವುದು ಮಾತ್ರ ನಾಲ್ಕು ತಿಂಗಳ ‘ಸೀನಿಯರ್’ ಮತ್ತು ಎರಡು ವಾರದ ಜೂನಿಯರ್. ಕೇಳಲು ಯಾರೂ ಇಲ್ಲದ್ದರಿಂದ ಹೊಸಬರು ಬಿಡುತ್ತಾರೆ. ಹೊಸಬರು ಬಿಡುವುದರಿಂದ ಮುಂದಿನವರಿಗೆ ಕೇಳಲು ಯಾರೂ ಇರುವುದಿಲ್ಲ.

ಬಾಂಡ್ ಈ ಚಕ್ರವನ್ನು ನಿಲ್ಲಿಸುತ್ತದೆ ಎಂದು ಆಡಳಿತದವರು ನಂಬಿದ್ದಾರೆ. ಬಾಂಡ್ ಹಿಡಿದಿಡುವುದು ಹಾಜರಿಯನ್ನು. ಒಳಗೊಳಗೇ ಬಿಟ್ಟುಹೋದವಳನ್ನು ಹನ್ನೆರಡು ತಿಂಗಳು ರಾತ್ರಿ ಪಾಳಿಯಲ್ಲಿ ನಿಲ್ಲಿಸಿದರೆ ಅದರ ಅಪಾಯ ರೋಗಿಗೆ. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಗಳಿವೆ. ಮೊದಲ ಮೂರು ತಿಂಗಳು ಹೊಸಬಳ ಜೊತೆ ಇಂಥವರೇ ಇರುತ್ತಾರೆ ಎಂದು ಒಬ್ಬರ ಹೆಸರು ಪಾಳಿಯ ಪಟ್ಟಿಯಲ್ಲಿ ಬರೆಯುವುದು. ಆ ಒಬ್ಬರ ರೋಗಿಗಳ ಸಂಖ್ಯೆಯನ್ನು ಅಷ್ಟು ಕಾಲ ಇಳಿಸುವುದು. ಕಲಿಸುವುದೂ ಕೆಲಸವೇ ಎಂದು ಅದಕ್ಕೆ ಭತ್ಯೆ ಕೊಡುವುದು. ಐದು ವರ್ಷ ಉಳಿದವರ ಸಂಬಳ ಹೊಸಬರ ಸಂಬಳಕ್ಕಿಂತ ಕಣ್ಣಿಗೆ ಕಾಣುವಷ್ಟಾದರೂ ಹೆಚ್ಚಿರುವಂತೆ ನೋಡುವುದು. ಸಂಬಳದ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ, ಆದರೆ ಬೇರೆ ಬಾಗಿಲಿನಿಂದ: ಹೊಸಬಳನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಹಳಬಳಿಗೆ ಕೊಡಬೇಕು.

* * *

ಅಥಣಿಯವಳ ಅಸಲು ಪತ್ರಗಳನ್ನು ಬಿಡಿಸಿಕೊಳ್ಳಲು ಏಳು ತ���ಂಗಳು ಹಿಡಿಯಿತು. ಕಬ್ಬಿನ ಬಾಕಿ ಬಂದ ಮೇಲೆ ಅವಳ ತಂದೆ 50,000 ಕಟ್ಟಿದರು. ಅಷ್ಟು ದಿನ ಅವಳು ನರ್ಸ್ ಎಂದು ತೋರಿಸಲು ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಆಮೇಲೆ ಅವಳು ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೆ ಅರ್ಜಿ ಹಾಕಿದಳು. 2018ರ ನಂತರ ದೇಶದ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮಾಡುವ ಯೋಜನೆಯಲ್ಲಿ ಬಿಎಸ್‌ಸಿ ನರ್ಸಿಂಗ್ ಆದವರನ್ನು ಈ ಹುದ್ದೆಗೆ ತೆಗೆದುಕೊಳ್ಳುತ್ತಾರೆ. ಗುತ್ತಿಗೆಯ ಕೆಲಸ, ತಿಂಗಳು ತಿಂಗಳು ತುಂಬಬೇಕಾದ ಗುರಿಗಳ ಪಟ್ಟಿ ದೊಡ್ಡದು. ಎರಡು ಕೋಣೆಯ ಉಪಕೇಂದ್ರದಲ್ಲಿ ಡಾಕ್ಟರಿಲ್ಲ. ಮೂವತ್ತು ಡಾಕ್ಟರುಗಳಿದ್ದ ಕಟ್ಟಡವನ್ನು ಬಿಟ್ಟು ಒಬ್ಬ ಡಾಕ್ಟರೂ ಇಲ್ಲದಲ್ಲಿಗೆ ಬಂದೆಯಲ್ಲ ಎಂದು ಊರಿನವರು ನಗುತ್ತಾರೆ.

ಅವಳು ಹೇಳುವುದು ಬೇರೆ. ಅಲ್ಲಿ ಇ-ಸಂಜೀವಿನಿ ಎಂಬ ವ್ಯವಸ್ಥೆಯಿದೆ. ರೋಗಿಯನ್ನು ಎದುರು ಕೂರಿಸಿಕೊಂಡು ದೂರದ ಡಾಕ್ಟರಿಗೆ ವಿಡಿಯೋ ಕರೆ ಮಾಡಿ ಕೇಳುವುದು ಅವಳ ಕೆಲಸದ ಒಂದು ಭಾಗ. “ಇಲ್ಲಿ ಕೇಳೂದಕ್ಕ ಯಾರೂ ಬೈಯೂದಿಲ್ಲ, ಕೇಳಲಿಲ್ಲಂದ್ರ ಬೈತಾರ” ಎನ್ನುತ್ತಾಳೆ. ನೆಟ್‌ವರ್ಕ್ ಇಲ್ಲದ ದಿನ ತಾಲ್ಲೂಕಿನ ಡಾಕ್ಟರಿಗೆ ನೇರ ಫೋನ್ ಮಾಡುತ್ತಾಳೆ. ಇನ್ಸುಲಿನ್ ಬೇಕಾದವರು ಬಂದರೆ ಬಾಟಲಿಯನ್ನೂ ಸಿರಿಂಜನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮುಚ್ಚಳದ ಬಣ್ಣ ತೋರಿಸಿ, ಮನೆಯವರಿಂದ ಮರಳಿ ಹೇಳಿಸಿಕೊಂಡೇ ಕಳಿಸುತ್ತಾಳೆ.

ಕೊಳ್ಳೇಗಾಲದವಳ ಮರಾಠಿ ಈಗ ಮಾವಶಿಯರೇ ಮೆಚ್ಚುವಂಥದ್ದು. ಅವಳ ಕೈಕೆಳಗೆ ಈ ವರ್ಷ ಇಬ್ಬರು ಹೊಸಬರಿದ್ದಾರೆ, ಒಬ್ಬಳು ನಾಂದೇಡಿನವಳು, ಒಬ್ಬಳು ಮಣಿಪುರದವಳು. ಇಬ್ಬರಿಗೂ ಡೈರಿ ಕೊಟ್ಟಿದ್ದಾಳೆ. ನಾಂದೇಡಿನವಳಿಗೆ ಭಾಷೆ ಬರುತ್ತದೆ ಎಂಬ ಕಾರಣಕ್ಕೇ ಅವಳ ಮೇಲೆ ಒಂದು ಕಣ್ಣು ಹೆಚ್ಚು ಇಟ್ಟಿದ್ದಾಳೆ. ತನ್ನ ಕೋಣೆಯಲ್ಲಿದ್ದವಳ ನೆನಪಿನಿಂದ. ಜೊತೆಗೆ, ವಾರಕ್ಕೆ ಮೂರು ದಿನ ಓಇಟಿ ಕೋಚಿಂಗಿಗೂ ಹೋಗುತ್ತಾಳೆ. ಅಪ್ಪನ ಸಾಲ ಇನ್ನೂ ತೀರಿಲ್ಲ. ಮುಂದಿನ ವರ್ಷ ಅವಳು ಹೊರಡಬಹುದು. ಇನ್‌ಚಾರ್ಜ್ ಸಿಸ್ಟರಿಗೆ ಅದು ಗೊತ್ತು, ತಡೆದಿಲ್ಲ. ಹೋಗುವ ಮೊದಲು ಆ ಇಬ್ಬರಲ್ಲಿ ಒಬ್ಬಳನ್ನಾದರೂ ರಾತ್ರಿ ಎರಡಕ್ಕೆ ಬರುವ ಪ್ರಶ್ನೆಗೆ ಉತ್ತರ ಕೊಡುವಷ್ಟು ತಯಾರು ಮಾಡು ಎಂದಷ್ಟೇ ಹೇಳಿದ್ದಾರೆ.